ಆರುವ ಮುನ್ನ ತೆರೆದ ಆವಿಗೆ

"ಗುರುಗಳೇ, ಮನಸ್ಸಿನಲ್ಲಿ ಅನುಮಾನ ಹುಟ್ಟಿದಾಗ ಒಮ್ಮೆ ಕಣ್ಣಾರೆ ನೋಡಿಬಿಡುವುದು ತಪ್ಪೇ?" ಎಂದು ರೇವಯ್ಯ ಕೇಳಿದ.

ರೇವಯ್ಯ ಆ ಮಠದ ಹಿರಿಯ ಶಿಷ್ಯ. ಹದಿನೆಂಟು ವರ್ಷದಿಂದ ಗುರುಗಳ ಬಳಿ ಇದ್ದ. ಕಳೆದ ಸೋಮವಾರ ಗುರುಗಳು, ತಮ್ಮ ನಂತರ ಪೀಠದಲ್ಲಿ ಕೂರಬೇಕಾದವನ ಹೆಸರನ್ನು ಓಲೆಯ ಮೇಲೆ ಬರೆದು, ಬಿದಿರಿನ ಕೊಳವೆಯಲ್ಲಿಟ್ಟು, ಅದರ ಬಾಯಿಗೆ ಅರಗು ಕರಗಿಸಿ ಮುಚ್ಚಿದ್ದರು. ಎಲ್ಲರ ಎದುರೇ ಅದನ್ನು ಪೂಜೆಯ ಕೋಣೆಯ ಗೂಡಿನಲ್ಲಿ ಇಟ್ಟಿದ್ದರು. ಶಿವರಾತ್ರಿಯಂದು ತೆರೆಯುವುದೆಂದೂ, ಅಲ್ಲಿಯವರೆಗೆ ಕಾಯಲಾರದವನಿಗೆ ಈ ಪೀಠ ಸಲ್ಲದೆಂದೂ ಹೇಳಿದ್ದರು. ಶಿವರಾತ್ರಿಗೆ ಇನ್ನೂ ಹತ್ತು ದಿನ ಇತ್ತು.

ಗುರುಗಳು ಅಂಗಳದ ಕಟ್ಟೆಯ ಮೇಲೆ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ರೇವಯ್ಯನ ತೋರುಬೆರಳಿಗೆ ಬಟ್ಟೆ ಸುತ್ತಿದ್ದನ್ನು ಕಂಡರು.

"ಬೆರಳಿಗೇನಾಯಿತು?"

"ದೀಪದ ಕುಡಿ ಸರಿ ಮಾಡುವಾಗ ಸುಟ್ಟಿತು."

"ಹೌದೇ" ಎಂದು ಗುರುಗಳು ಮತ್ತೊಂದಿಷ್ಟು ಹತ್ತಿ ತೆಗೆದುಕೊಂಡರು. "ಕೂತುಕೋ. ಒಂದು ಕತೆ ಹೇಳುತ್ತೇನೆ. ನೀನು ಕೇಳಿದ್ದಕ್ಕೆ ಉತ್ತರ ಅದರಲ್ಲಿ ಸಿಕ್ಕರೆ ಸಿಕ್ಕಿತು. ಸಿಗದಿದ್ದರೆ ಮುದುಕನ ಬಾಯಿಗೆ ಒಂದಿಷ್ಟು ಕೆಲಸವಾಯಿತು."

ರೇವಯ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರು. ಆ ಊರಿಗೊಂದು ಕುಂಬಾರ ಕೇರಿ. ಹನ್ನೊಂದು ಮನೆ, ಹನ್ನೊಂದು ತಿಗರಿ. ಮಡಕೆ ಸುಡುವ ಆವಿಗೆ ಮಾತ್ರ ಒಂದೇ. ತಿಗರಿಯ ಮೇಲೆ ಮಣ್ಣು ತಿರುಗಿಸಿ ಮಡಕೆ ಮಾಡುವುದು ಅವರವರ ಮನೆಯಲ್ಲಿ, ಸುಡುವುದು ಎಲ್ಲರದೂ ಒಟ್ಟಿಗೆ. ತಿಂಗಳಿಗೊಮ್ಮೆ ಹನ್ನೊಂದು ಮನೆಯ ಹಸಿ ಮಡಕೆಗಳನ್ನೂ ಕೇರಿಯ ಹೊರಗಿನ ಬಯಲಿಗೆ ತಂದು, ಸುತ್ತು ಸುತ್ತಾಗಿ ಜೋಡಿಸಿ, ನಡುನಡುವೆ ಸೌದೆ ಬೆರಣಿ ತುಂಬಿ, ಮೇಲೆ ಹುಲ್ಲು ಹೊದಿಸಿ, ಹುಲ್ಲಿನ ಮೇಲೆ ದಪ್ಪಗೆ ಕೆಸರು ಮೆತ್ತಿ ಬೆಂಕಿ ಇಡುತ್ತಿದ್ದರು. ಒಂದು ಹಗಲು ಒಂದು ರಾತ್ರಿ ಉರಿಯುತ್ತಿತ್ತು. ಆಮೇಲೆ ಮೂರು ದಿನ ಅದನ್ನು ಯಾರೂ ಮುಟ್ಟುವಂತಿಲ್ಲ. ತಾನಾಗಿ ಆರಬೇಕು. ಒಳಗೆ ಕಾವು ಇರುವಾಗ ಹೊರಗಿನ ಗಾಳಿ ಹೊಕ್ಕರೆ ಮಡಕೆ ಸೀಳುತ್ತದೆ. ಒಂದು ಸೀಳಿ ನಿಲ್ಲುವುದಿಲ್ಲ, ಸಾಲಿಗೆ ಸಾಲೇ ಹೋಗುತ್ತದೆ. ಇದು ಆ ಕೇರಿಯ ಕೂಸಿಗೂ ಗೊತ್ತು. ಗೊತ್ತಿದ್ದೂ ಮಾಡಿದವನ ಕತೆ ಇದು. ಗೊತ್ತಿಲ್ಲದೆ ಮಾಡಿದವನಿಗೆ ಕತೆ ಬೇಡ, ಎರಡು ಬುದ್ಧಿಮಾತು ಸಾಕು.

ಅವನ ಹೆಸರು ತಿಪ್ಪಣ್ಣ. ಒಳ್ಳೆಯ ಕೆಲಸಗಾರ. ಅವನ ಗಡಿಗೆಯ ಕಂಠದ ಬಾಗು ನೋಡಿದರೆ ಇನ್ನೊಮ್ಮೆ ನೋಡಬೇಕೆನಿಸುತ್ತಿತ್ತು. ಆದರೆ ಅವನು ಆ ಊರಿನವನಲ್ಲ, ಮನೆ ಅಳಿಯನಾಗಿ ಬಂದವನು. ಹೆಂಡತಿ ಸಂಕವ್ವ ಅದೇ ಕೇರಿಯಲ್ಲಿ ಹುಟ್ಟಿ ಬೆಳೆದವಳು. ಅವನು ಬಂದು ಇಪ್ಪತ್ತು ವರ್ಷವಾಗಿದ್ದರೂ ಕೇರಿಯ ಯಾರೂ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹತ್ತು ಮನೆಯವರೂ "ಅಳಿಯ" ಎನ್ನುತ್ತಿದ್ದರು. ಅವರಿಗೆ ಅದು ಸಲಿಗೆ. ಇವನಿಗೆ ಅದು ಅಂಗಾಲಿನ ಮುಳ್ಳು. ಇಪ್ಪತ್ತು ವರ್ಷ ಇವರ ಮಣ್ಣು ತುಳಿದೆ, ಇನ್ನೂ ನಾನು ಹೊರಗಿನವನೇ ಎಂದು ಒಳಗೊಳಗೇ ಕುದಿಯುತ್ತಿದ್ದ.

ಅವನಿಗೆ ಇನ್ನೂ ಒಂದು ಸಂಕಟವಿತ್ತು. ಆವಿಗೆಯಲ್ಲಿ ಎಲ್ಲ ಜಾಗವೂ ಒಂದೇ ಅಲ್ಲ. ನಡುವೆ ಇಟ್ಟ ಮಡಕೆ ಹದವಾಗಿ ಬೇಯುತ್ತದೆ. ಅಂಚಿನಲ್ಲಿ ಇಟ್ಟದ್ದು ಒಂದು ಮಗ್ಗುಲು ಬೆಂದು ಇನ್ನೊಂದು ಮಗ್ಗುಲು ಕಪ್ಪು ಹಿಡಿಯುತ್ತದೆ. ತಿಪ್ಪಣ್ಣನ ಮಡಕೆಗಳು ಇಪ್ಪತ್ತು ವರ್ಷವೂ ಅಂಚಿನಲ್ಲೇ ಬೆಂದಿದ್ದವು. ಯಾಕೆ ಎಂದು ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದರು, "ನೀನು ಎಲ್ಲರಿಗಿಂತ ಕೊನೆಗೆ ತರುತ್ತೀಯಪ್ಪ, ಅಷ್ಟರಲ್ಲಿ ನಡು ತುಂಬಿರುತ್ತದೆ" ಎಂದು. ಕೊನೆಗೆ ಯಾಕೆ ತರುತ್ತಿದ್ದ ಗೊತ್ತೇ? ಬೇಗ ತಂದರೆ ತನ್ನ ಕಂಠದ ಬಾಗನ್ನು ಯಾರಾದರೂ ನೋಡಿ ಕಲಿತುಬಿಟ್ಟಾರು ಎಂದು. ತಡ ಮಾಡುವವನು ತಾನು, ಅಂಚಿಗೆ ತಳ್ಳಿದರು ಎಂದು ಅಳುವವನೂ ತಾನು. ಕೇಳಿದರೆ ಸಣ್ಣವನಾಗುತ್ತೇನೆ ಎಂದು ಕೇಳಲೂ ಇಲ್ಲ. ಇಪ್ಪತ್ತು ವರ್ಷ ಒಂದು ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ಅದು ಹುಳಿಯುವುದಿಲ್ಲವೇ? ಹುಳಿಯಿತು.

ಆವಿಗೆ ಜೋಡಿಸುವ ಹೊಣೆ ಕೆಂಚಜ್ಜನದು. ಎಪ್ಪತ್ತು ದಾಟಿದ ಮುದುಕ. ನಲವತ್ತು ವರ್ಷದಿಂದ ಆವಿಗೆಯ ಕೋಲು ಅವನ ಕೈಯಲ್ಲಿತ್ತು. ಅವನು ಕೋಲು ತೋರಿಸಿದಲ್ಲಿ ಮಡಕೆ ಕೂರಬೇಕು. ಆರುವ ಮೂರು ದಿನ ಹಗಲಿಡೀ ಪಕ್ಕದಲ್ಲಿ ಕೂತು ಕಾಯುವವನೂ ಅವನೇ, ರಾತ್ರಿ ಅವನ ಮಕ್ಕಳು ಕಾಯುತ್ತಿದ್ದರು. ಆ ಕೇರಿಯಲ್ಲಿ ಕೋಲಿನವನ ಮಾತಿಗೆ ಎದುರು ಮಾತಿರಲಿಲ್ಲ.

ಹೀಗಿರುವಾಗ ತಿಪ್ಪಣ್ಣನ ಒಬ್ಬಳೇ ಮಗಳು ಹೊನ್ನವ್ವನಿಗೆ ಮದುವೆ ಗೊತ್ತಾಯಿತು. ಗಂಡಿನ ಕಡೆಯವರೂ ಕುಂಬಾರರೇ. ಮದುವೆ ಎಂದ ಮೇಲೆ ಐರಣಿ ಬೇಕು. ಸುಣ್ಣ ಕೆಮ್ಮಣ್ಣಿನಿಂದ ಚಿತ್ರ ಬರೆದು ಹಂದರದಲ್ಲಿಟ್ಟು ಪೂಜಿಸುವ ಐದು ಗಡಿಗೆಗಳು. ಊರಿನ ಎಲ್ಲರ ಮದುವೆಗೂ ಐರಣಿ ಕೊಡುವವರು ಕುಂಬಾರರು. ಕುಂಬಾರನ ಮಗಳ ಮದುವೆಗೇ ಕಪ್ಪು ಕಲೆಯ ಐರಣಿ ಬಂದರೆ? ಬೀಗರು ಬಾಯಿ ಬಿಟ್ಟು ಏನೂ ಅನ್ನುವುದಿಲ್ಲ. ಗಡಿಗೆಯನ್ನು ಬೆರಳಿನಿಂದ ಒಮ್ಮೆ ಬಡಿದು, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹುಡುಗಿ ಬದುಕಿರುವವರೆಗೂ ಅತ್ತೆಯ ಮನೆಯಲ್ಲಿ ಆ ನೋಟ ಅವಳ ಬೆನ್ನು ಬಿಡುವುದಿಲ್ಲ. ತಿಪ್ಪಣ್ಣನಿಗೆ ಪ್ರಾಣಕ್ಕಿಂತ ಮಗಳು ಹೆಚ್ಚು. ಐದು ಗಡಿಗೆಗೆ ಒಂಬತ್ತು ದಿನ ತೆಗೆದುಕೊಂಡ. ಕಂಠದ ಕೆಳಗೆ ತನ್ನ ಮನೆಯ ಗುರುತು, ಮೂರು ಗೆರೆ ಒಂದು ಚುಕ್ಕೆ, ಎಳೆದ.

ಈಗ ನಿನಗೊಂದು ಮಾತು ಹೇಳಿಬಿಡುತ್ತೇನೆ. ತಿಪ್ಪಣ್ಣನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಆ ಕೇರಿಯ ಹೆಣ್ಣುಮಗಳ ಐರಣಿಯನ್ನು ಹೆತ್ತ ತಂದೆ ಆವಿಗೆಗೆ ಇಡಬಾರದು, ಇಡುವುದನ್ನು ನೋಡಲೂಬಾರದು. ಉಳಿದ ಮನೆಯವರೇ ಸೇರಿ, ಆವಿಗೆಯ ನಟ್ಟನಡುವೆ ಕಾಳು ತುಂಬುವಂಥ ಒಂದು ದೊಡ್ಡ ವಾಡೆ ಇಟ್ಟು, ಅದರೊಳಗೆ ಐರಣಿ ಇಳಿಸಿ, ಬಾಯಿ ಮುಚ್ಚಿ ಸುಡಬೇಕು. ಹೊಗೆ ತಾಕಬಾರದು, ಉರಿ ತಾಕಬಾರದು, ಬರೀ ಕಾವಿನಲ್ಲಿ ಬೇಯಬೇಕು. ಆವಿಗೆ ತೆರೆದ ದಿನ ಕೋಲಿನವನು ಅದನ್ನು ತಂದೆಯ ಕೈಗೆ ಕೊಡಬೇಕು. ಅದಕ್ಕೆ ಮೊದಲು ತಂದೆಯ ಕಿವಿಗೆ ಹಾಕಿದರೆ ಹೆಣ್ಣಿಗೆ ಏಳಿಗೆಯಿಲ್ಲ ಎಂಬ ನಂಬಿಕೆ. ಇಪ್ಪತ್ತು ವರ್ಷದಲ್ಲಿ ಎಷ್ಟೋ ಮನೆಯ ಐರಣಿ ನಡುವಿನಿಂದ ಹೊರಬಂದದ್ದನ್ನು ತಿಪ್ಪಣ್ಣ ಕಂಡಿದ್ದ. ಯಾವಾಗಲೂ ಕೊನೆಗೆ ಬರುತ್ತಿದ್ದವನು ಇಡುವುದನ್ನು ಎಂದೂ ಕಂಡಿರಲಿಲ್ಲ, ಅದು ಪದ್ಧತಿ ಎಂದು ಅವನಿಗೆ ಹೊಳೆಯಲಿಲ್ಲ. ಅವರು ಅವರವರು, ನಡುವಿನ ಜಾಗ ಅವರಿಗೇ ಎಂದುಕೊಂಡ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಆ ತಿಂಗಳೂ ಎಲ್ಲರಿಗಿಂತ ಕೊನೆಗೇ ಗಡಿಗೆ ಹೊತ್ತುಕೊಂಡು ಬಂದ. ಎಂದಿನಂತಾದರೆ ಅಷ್ಟು ಹೊತ್ತಿಗೆ ಅರ್ಧ ಆವಿಗೆ ಎದ್ದಿರುತ್ತಿತ್ತು. ಅಂದು ಒಂದು ಮಡಕೆಯನ್ನೂ ಜೋಡಿಸಿರಲಿಲ್ಲ. ಹತ್ತು ಮನೆಯವರೂ ಅವನ ಐರಣಿಗಾಗಿ ಕಾದು ನಿಂತಿದ್ದರು. ಇವನು ಬಂದ ಕೂಡಲೇ ಎಲ್ಲರ ಮಾತು ನಿಂತಿತು. ಯಾವಳೋ ಒಬ್ಬಳು ಸೆರಗು ಅಡ್ಡ ಹಿಡಿದು ನಕ್ಕಳು.

ಕೆಂಚಜ್ಜ ಕೋಲಿನಿಂದ ನೆಲ ತೋರಿಸಿ, "ಅಳಿಯ, ಗಡಿಗೆ ಇಲ್ಲಿ ಇಳಿಸಿ ಮನೆಗೆ ನಡೆ. ನೀನಿರುವಾಗ ನಾವು ಜೋಡಿಸುವುದಿಲ್ಲ" ಎಂದ.

"ಯಾಕಜ್ಜ?"

"ಯಾಕೆ ಎಂದು ಆವಿಗೆ ತೆರೆದ ದಿನ ಹೇಳುತ್ತೇನೆ. ನಡೆ."

ತಿಪ್ಪಣ್ಣ ಗಡಿಗೆ ಇಳಿಸಿ ಬಂದ. ಕಾಲು ಮನೆಯ ಕಡೆ ನಡೆಯಿತು, ಮನಸ್ಸು ಬಯಲಲ್ಲೇ ನಿಂತಿತು. ಮನೆಗೆ ಬಂದು ಸಂಕವ್ವನಿಗೆ ಹೇಳಿದ, "ನನ್ನನ್ನು ನಿಲ್ಲಲೂ ಬಿಡಲಿಲ್ಲ. ಮಗಳ ಐರಣಿಗೂ ಅಂಚೇ ಗತಿ." ಸಂಕವ್ವ ಆ ಕೇರಿಯ ಮಗಳು, ಅವಳಿಗೆ ಎಲ್ಲ ಗೊತ್ತು. ಹೇಳುವ ಹಾಗಿಲ್ಲ. ಬಂದ ನಗುವನ್ನು ತಡೆದುಕೊಂಡು, "ನಾಲ್ಕು ದಿನ ಸುಮ್ಮನಿರಿ, ಎಲ್ಲ ಒಳ್ಳೆಯದೇ ಆಗುತ್ತದೆ" ಎಂದಳು. ಅವನು ಆ ನಗುವನ್ನು ಕಂಡ. ಇವಳೂ ಅವರವಳೇ ಎಂದುಕೊಂಡ. ಅವತ್ತು ಅವನಿಗೆ ಊಟ ಸೇರಲಿಲ್ಲ.

ಆವಿಗೆ ಉರಿಯಿತು. ಉರಿ ಇಳಿಯಿತು. ಆರಲು ಬಿಟ್ಟರು. ಮೊದಲ ದಿನ ತಿಪ್ಪಣ್ಣ ತಡೆದುಕೊಂಡ. ಎರಡನೆಯ ದಿನ ಬಯಲಿನ ಈಚೆ ಮಣ್ಣಿನ ಗುಡ್ಡೆಯ ಹಿಂದೆ, ಮಣ್ಣು ಜರಡಿ ಹಿಡಿಯುವ ನೆಪದಲ್ಲಿ ಕೂತ. ಮಧ್ಯಾಹ್ನ ಕೆಂಚಜ್ಜ ಎದ್ದ. ಸುತ್ತ ನೋಡಿದ. ಯಾರೂ ಕಾಣದ್ದಕ್ಕೆ ಕೋಲನ್ನು ಆವಿಗೆಗೆ ಒರಗಿಸಿ ಕೇರಿಯ ಒಳಗೆ ನಡೆದ. ಎಲ್ಲಿಗೆ ಹೋದ? ತಿಪ್ಪಣ್ಣನ ಮನೆಗೇ ಹೋದ. ನಾಡಿದ್ದು ಐರಣಿ ಬರುತ್ತದೆ, ಸುಣ್ಣ ಕೆಮ್ಮಣ್ಣು ನೆನೆಹಾಕು ಎಂದು ಹೆಣ್ಣಿನ ತಾಯಿಗೆ ಹೇಳುವುದೂ ಕೋಲಿನವನ ಕೆಲಸ. ಗಂಡ ಮನೆಯಲ್ಲಿಲ್ಲದ ಹೊತ್ತು ನೋಡಿ ಹೇಳಬೇಕು. ತಿಪ್ಪಣ್ಣ ಜರಡಿ ಹಿಡಿದು ಹೊರಟದ್ದನ್ನು ಬೆಳಿಗ್ಗೆ ಕಂಡಿದ್ದ, ಅವನು ಮನೆಯಲ್ಲಿಲ್ಲ ಎಂದು ಗೊತ್ತಿದ್ದರಿಂದಲೇ ಮುದುಕ ಆಗ ಎದ್ದು ಹೋದದ್ದು.

ತಿಪ್ಪಣ್ಣ ಆವಿಗೆಯ ಬಳಿ ಬಂದ. ಒಂದೇ ಒಂದು ಸಲ ನೋಡಿಬಿಡುತ್ತೇನೆ ಎಂದುಕೊಂಡ. ನೀನು ಕೇಳಿದೆಯಲ್ಲ, ಆ ಮಾತೇ. ಬೆರಳು ಹೋಗುವಷ್ಟು ತೂತು ಮಾಡಿದರೆ ಏನಾಗುತ್ತದೆ, ನೋಡಿ ಮುಚ್ಚಿದರಾಯಿತು ಎಂದು ತನಗೆ ತಾನೇ ಅಪ್ಪಣೆ ಕೊಟ್ಟುಕೊಂಡ. ತನ್ನ ಮಡಕೆಗಳು ಯಾವಾಗಲೂ ಇರುತ್ತಿದ್ದ ಮೂಡಣ ಅಂಚಿನಲ್ಲಿ ಕೆಸರು ಕೆದಕಿ, ಹುಲ್ಲಿನ ಬೂದಿ ಸರಿಸಿ, ಕಣ್ಣಿಟ್ಟ. ಅಲ್ಲಿ ಅದೇ ಕೇರಿಯ ಸೂರಪ್ಪನ ಮನೆಯ ಗುರುತಿನ ಗಡಿಗೆ ಇತ್ತು. ತೂತು ದೊಡ್ಡದು ಮಾಡಿದ. ಅದರ ಪಕ್ಕದ್ದೂ ಸೂರಪ್ಪನದೇ. ಅಂಗೈ ಹೋಗುವಷ್ಟು ಮಾಡಿದ. ಮೂರು ಗೆರೆ ಒಂದು ಚುಕ್ಕೆ ಎಲ್ಲೂ ಇಲ್ಲ.

ಬುದ್ಧಿ ಇದ್ದವನಾಗಿದ್ದರೆ, ಅಂಚಿನಲ್ಲಿ ಇಲ್ಲ ಎಂದರೆ ಒಳಗಿದೆ ಎಂದುಕೊಳ್ಳುತ್ತಿದ್ದ. ಅವನು, ಅಂಚಿನಲ್ಲೂ ಇಟ್ಟಿಲ್ಲ, ಹೊರಗೇ ಎಸೆದಿದ್ದಾರೆ ಎಂದುಕೊಂಡ. ಸುತ್ತಿ ಬಂದು ಪಡುವಣ ದಿಕ್ಕಿನಲ್ಲಿ ಇನ್ನೊಂದು ತೂತು ಕೊರೆದ. ಅಲ್ಲೂ ಇಲ್ಲ. ಆ ತೂತಿಗೆ ತಲೆ ಬಗ್ಗಿಸಿದ್ದಾಗ ಬೆನ್ನ ಮೇಲೆ ತಣ್ಣಗೆ ಪಡುವಣ ಗಾಳಿ ಬೀಸಿತು. ಈ ತೂತಿನಲ್ಲಿ ಹೊಕ್ಕು ಆ ತೂತಿನಲ್ಲಿ ಹೊರಟಿತು. ಒಳಗಿಂದ ಟಿಣ್ ಎಂದು ಒಂದು ಸಣ್ಣ ಸದ್ದು ಬಂತು.

ಆ ಸದ್ದು ಏನೆಂದು ಕುಂಬಾರನಿಗೆ ಹೇಳಿಕೊಡಬೇಕಿಲ್ಲ. ಅವನು ಹಾಗೇ ಬಗ್ಗಿ ನಿಂತಿದ್ದ. ಇನ್ನೊಂದು ಟಿಣ್. ಆಮೇಲೆ ಎರಡು. ಆಮೇಲೆ ಎಣಿಸುವ ಹಾಗಿರಲಿಲ್ಲ. ಓಡಿ ಹೋಗಿ ಕೆಸರು ತಂದು ಎರಡೂ ಕಡೆ ಮೆತ್ತಿದ. ಅವಸರದಲ್ಲಿ ತೋರುಬೆರಳು ಒಳಗೆ ಕಾದ ಗಡಿಗೆಯ ಕಂಠಕ್ಕೆ ತಾಗಿ ಚರ್ಮ ಸುಟ್ಟಿತು. ಒಳ್ಳೆಯ ಕೆಲಸಗಾರ ಎಂದೆನಲ್ಲ, ಅಲ್ಲಿ ತೂತಿತ್ತು ಎಂದು ಯಾರಿಗೂ ತಿಳಿಯದ ಹಾಗೆ ಮೇಲೆ ಸವರಿದ. ಕೆಂಚಜ್ಜ ಬರುವಷ್ಟರಲ್ಲಿ ಮಣ್ಣಿನ ಗುಡ್ಡೆಯ ಹಿಂದೆ ಕೂತು ಜರಡಿ ಹಿಡಿಯುತ್ತಿದ್ದ.

ಇಷ್ಟು ಹೇಳಿ ಗುರುಗಳು ಹೊಸೆದ ಬತ್ತಿಯನ್ನು ತಟ್ಟೆಗೆ ಹಾಕಿದರು. ರೇವಯ್ಯ ತನ್ನ ಬಲಗೈಯನ್ನು ಶಾಲಿನೊಳಗೆ ಎಳೆದುಕೊಂಡಿದ್ದ. ಗುರುಗಳು ಅತ್ತ ನೋಡದೆ ಮುಂದುವರಿಸಿದರು.

ಮೂರು ದಿನ ಕಳೆದು ನಾಲ್ಕನೆಯ ಬೆಳಿಗ್ಗೆ ಕೇರಿಗೆ ಕೇರಿಯೇ ಬಯಲಿಗೆ ಬಂತು. ಹೆಂಗಸರು ಬುಟ್ಟಿ ತಂದಿದ್ದರು. ಸಂಕವ್ವ ಹೊಸ ಸೀರೆ ಉಟ್ಟು ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಳು. ಕೆಂಚಜ್ಜ ಕೋಲಿನಿಂದ ಕೆಸರಿನ ಹೊದಿಕೆ ಬಡಿದು ಉದುರಿಸಿದ. ಮೊದಲ ಸುತ್ತಿನ ಗಡಿಗೆ ಎತ್ತಿದರು, ಸೀಳಿತ್ತು. ಪಕ್ಕದ್ದು ಎತ್ತಿದರು, ತಳ ಕೆಳಗೇ ಉಳಿಯಿತು. ಎರಡನೆಯ ಸುತ್ತು, ಮೂರನೆಯ ಸುತ್ತು, ಎಲ್ಲ ಹಾಗೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆಯೂ ಬೇಕಾಗಲಿಲ್ಲ. ಚೂರುಗಳನ್ನು ಒಂದು ಕಡೆ ರಾಶಿ ಹಾಕುತ್ತ ಹೋದರು.

ಕೊನೆಗೆ ನಡುವಿನ ವಾಡೆ ಕಾಣಿಸಿತು. ಅದೂ ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು, ಆದರೆ ಬಿದ್ದಿರಲಿಲ್ಲ. ಕೆಂಚಜ್ಜ ಮುಚ್ಚಳ ತೆಗೆದು ಕೈ ಇಳಿಸಿದ. ಒಂದೊಂದಾಗಿ ಐದು ಗಡಿಗೆ ಹೊರಗೆ ತೆಗೆದ. ಒಂದರಲ್ಲೂ ಬಿರುಕಿಲ್ಲ, ಎಳ್ಳಷ್ಟು ಕಲೆಯಿಲ್ಲ. ಕಂಠದ ಕೆಳಗೆ ಮೂರು ಗೆರೆ, ಒಂದು ಚುಕ್ಕೆ.

ತಿಪ್ಪಣ್ಣ ನೋಡಿದ. ತನ್ನನ್ನು ಅಂಚಿಗೆ ತಳ್ಳುತ್ತಾರೆ ಎಂದುಕೊಂಡವರು ತನ್ನ ಮಗಳನ್ನು ನಟ್ಟ ನಡುವೆ ಇಟ್ಟಿದ್ದರು. ತಮ್ಮ ಮಡಕೆಗಳನ್ನೆಲ್ಲ ಅವಳ ಸುತ್ತ ಬೇಲಿಯಾಗಿ ಜೋಡಿಸಿದ್ದರು. ಆ ಬೇಲಿಯನ್ನು ತಾನೇ ಕೈಯಾರೆ ಒಡೆದಿದ್ದ. ಬೇಕಾದದ್ದನ್ನು ಕಣ್ಣಾರೆ ನೋಡಿದ್ದಾಯಿತು. ಆ ಕಣ್ಣು ಇಂಗಿಹೋಗಬಾರದೇ ಎನಿಸಿತು ಅವನಿಗೆ.

ಸೂರಪ್ಪ ಒಂದು ಚೂರನ್ನು ಬೆಳಕಿಗೆ ಹಿಡಿದು, "ಇದು ಉರಿ ಹೆಚ್ಚಾಗಿ ಒಡೆದದ್ದಲ್ಲ, ಗಾಳಿ ಹೊಕ್ಕು ಒಡೆದದ್ದು. ಯಾರೋ ತೆರೆದಿದ್ದಾರೆ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ತಿಪ್ಪಣ್ಣ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಸೂರಪ್ಪ ಅವನ ಕಡೆ ನೋಡಲಿಲ್ಲ. ಕೆಂಚಜ್ಜನ ಕಡೆ ತಿರುಗಿದ.

"ಅಜ್ಜ, ನೀವು ನಡುವೆ ಎದ್ದು ಹೋಗಿದ್ದಿರಾ?"

"ಹೋಗಿದ್ದೆ."

"ಎಲ್ಲಿಗೆ?"

ಕೆಂಚಜ್ಜ ಹೊನ್ನವ್ವನ ಕಡೆ ಒಮ್ಮೆ ನೋಡಿದ. ನಿಜ ಹೇಳಬಹುದಿತ್ತು. ಮದುವೆ ಹೆಣ್ಣಿನ ಮನೆಗೆ ಹೋಗಿದ್ದ ಹೊತ್ತಿನಲ್ಲೇ ಕೇರಿಯ ಆವಿಗೆ ಒಡೆಯಿತು ಎಂದರೆ ಸಂಜೆಯೊಳಗೆ ಅದು ಹೆಣ್ಣಿನ ಕಾಲ್ಗುಣ ಎಂದಾಗುತ್ತದೆ. ಮರುದಿನ ಬೀಗರ ಊರು ಮುಟ್ಟುತ್ತದೆ. ಮುದುಕನಿಗೆ ಅದು ಗೊತ್ತು.

"ಎಲ್ಲಿಗೋ ಹೋಗಿದ್ದೆ. ವಯಸ್ಸಾಯಿತು. ತಪ್ಪು ನನ್ನದು" ಎಂದ. ನಲವತ್ತು ವರ್ಷ ಹಿಡಿದ ಕೋಲನ್ನು ಚೂರುಗಳ ರಾಶಿಯ ಮೇಲೆ ಮಲಗಿಸಿದ.

ಆಮೇಲೆ ಐದು ಗಡಿಗೆಗಳನ್ನು ಒಂದೊಂದಾಗಿ ತಂದು ತಿಪ್ಪಣ್ಣನಿಗೆ ನೀಡಿದ. ಶುಭದ ಗಡಿಗೆಯನ್ನು ಒಂದೇ ಕೈಯಲ್ಲಿ ತೆಗೆದುಕೊಳ್ಳುವಂತಿಲ್ಲ. ತಿಪ್ಪಣ್ಣ ಎರಡೂ ಕೈ ಚಾಚಲೇಬೇಕಾಯಿತು. ಬೆರಳಿನ ಮೇಲೆ ಬೊಬ್ಬೆ ಎದ್ದಿತ್ತು. ಮುದುಕನ ಕಣ್ಣು ಅದರ ಮೇಲೆ ಒಂದು ಕ್ಷಣ ನಿಂತಿತು. "ಮಗಳ ಮದುವೆ ಚೆನ್ನಾಗಿ ಮಾಡು ಅಳಿಯ" ಎಂದಷ್ಟೇ ಹೇಳಿ ಮನೆಗೆ ಹೋದ. ನಾನು ಮಾಡಿದ್ದು ಎಂಬ ಮಾತು ತಿಪ್ಪಣ್ಣನ ಬಾಯಲ್ಲೇ ಇತ್ತು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ನಿಂತಿದ್ದ, ಉಗುಳಲಿಲ್ಲ, ನುಂಗಲೂ ಇಲ್ಲ. ಮದುವೆ ಆಗಿಹೋಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡ. ಮೂರ್ಖನಿಗೆ ಆಮೇಲೆ ಎಂಬುದು ದೊಡ್ಡ ಆಸರೆ.

ಸಂಕವ್ವ ಆ ಬೊಬ್ಬೆಯನ್ನು ಕಂಡಿದ್ದಳು. ಕೆಂಚಜ್ಜ ತಮ್ಮ ಮನೆಗೆ ಬಂದಿದ್ದ ಹೊತ್ತಿನಲ್ಲಿ ಗಂಡ ಮನೆಯಲ್ಲಿರಲಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಆ ಮಧ್ಯಾಹ್ನ ತಟ್ಟೆ ಇಟ್ಟು, "ಕೈ ತೊಳೆದುಕೊಳ್ಳಿ" ಎಂದಳು.

"ತೊಳೆದಿದ್ದೇನೆ."

"ಇನ್ನೊಮ್ಮೆ ತೊಳೆದುಕೊಳ್ಳಿ."

ಅಷ್ಟೇ. ಜಗಳವಿಲ್ಲ, ಬೈಗುಳವಿಲ್ಲ. ಮಗಳ ಮದುವೆ ಮುಂದಿತ್ತು, ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಆದರೆ ಅಂದಿನಿಂದ ಪ್ರತಿ ಊಟಕ್ಕೂ ಅದೊಂದು ಮಾತು ತಪ್ಪಲಿಲ್ಲ. ಅವನು ತೊಳೆದುಕೊಂಡು ಬಂದರೂ ಹೇಳುತ್ತಿದ್ದಳು, ಅವನು ಮತ್ತೆ ಎದ್ದು ಹೋಗಿ ತೊಳೆಯುತ್ತಿದ್ದ.

ಮದುವೆ ಚೆನ್ನಾಗಿಯೇ ಆಯಿತು. ಬೀಗರು ಐರಣಿ ಬಡಿದು ನೋಡಿ, ಇಷ್ಟು ಹದವಾಗಿ ಸುಟ್ಟ ಗಡಿಗೆ ನಮ್ಮ ಕಡೆ ಇಲ್ಲ ಎಂದರು. ಆ ತಿಂಗಳು ಸಂತೆಗೆ ಒಯ್ಯಲು ಒಂದು ಮಡಕೆಯೂ ಇಲ್ಲದ ಹತ್ತು ಮನೆಯವರು ಬಂದು ಹಂದರ ಹಾಕಿದರು, ಅಡುಗೆ ಮಾಡಿದರು, ಸೋಬಾನೆ ಹಾಡಿದರು. ಕೆಂಚಜ್ಜ ಹಿಂದಿನ ಸಾಲಿನಲ್ಲಿ ಕೂತು ಉಂಡು ಹೋದ. ಆ ದಿನ ಹೆಣ್ಣಿನ ಅಪ್ಪ ಅತ್ತದ್ದನ್ನು ಕಂಡು, ಒಬ್ಬಳೇ ಮಗಳು ಪಾಪ ಎಂದು ಎಲ್ಲರೂ ಸಮಾಧಾನ ಮಾಡಿದರು.

ಇನ್ನು ಆ ಕೇರಿಯ ಜಾಣತನ ಕೇಳು. ಮದುವೆ ಮುಗಿದ ವಾರಕ್ಕೆ, ಕೋಲು ಯಾರ ಕೈಗೆ ಎಂದು ಮಾತು ಬಂತು. ಸೂರಪ್ಪನೇ ಹೇಳಿದ, "ಎಲ್ಲರದೂ ಒಡೆದಾಗ ಅಳಿಯನದೊಂದೇ ಉಳಿಯಿತು. ದೇವರು ಬೆರಳಿಟ್ಟು ತೋರಿಸಿದ ಹಾಗಿದೆ. ಕೋಲು ಅವನೇ ಹಿಡಿಯಲಿ." ಎಲ್ಲರೂ ಒಪ್ಪಿದರು. ತಿಪ್ಪಣ್ಣ ಬೇಡ ಎಂದ. ಯಾಕೆ ಎಂದು ಕೇಳಿದರು. ಯಾಕೆ ಎಂದು ಹೇಳಲು ಆಗ ಒಂದು ಅವಕಾಶವಿತ್ತು. ಅವನು ತಲೆ ತಗ್ಗಿಸಿದ. ವಿನಯ ದೊಡ್ಡದು ಎಂದು ಹೇಳಿ ಕೋಲನ್ನು ಅವನ ಕೈಗೆ ತುರುಕಿದರು.

ಕೋಲಿನವನಾದ ಮೇಲೆ ಯಾರೂ ಅವನನ್ನು ಅಳಿಯ ಎನ್ನಲಿಲ್ಲ. ತಿಪ್ಪಣ್ಣನವರೇ ಎಂದರು. ಇಪ್ಪತ್ತು ವರ್ಷ ಅವನು ಬಯಸಿದ್ದು ಅದನ್ನೇ ತಾನೇ? ಈಗ ಆ ಮಾತು ಕೇಳಿದಾಗೆಲ್ಲ ಬಾಗಿಲು ಮುಚ್ಚಿದ ಹಾಗೆ ಆಗುತ್ತಿತ್ತು. ಯಾರಾದರೂ ಒಮ್ಮೆ ಅಳಿಯ ಎಂದು ಕರೆಯಲಿ ಎಂದು ಕಿವಿ ಕಾಯುತ್ತಿತ್ತು. ಆವಿಗೆ ಆರುವ ಮೂರು ದಿನವೂ ಅವನು ಅದರ ಪಕ್ಕದಿಂದ ಏಳುತ್ತಿರಲಿಲ್ಲ. ಊಟವೂ ಅಲ್ಲೇ, ನಿದ್ದೆಯೂ ಅಲ್ಲೇ. ಎಂಥ ನಿಷ್ಠೆ ಎಂದು ಕೇರಿ ಹೊಗಳಿತು. ನಿಷ್ಠೆಯಲ್ಲ, ಕಾವಲಿಲ್ಲದ ಆವಿಗೆಗೆ ಏನಾಗುತ್ತದೆ ಎಂದು ಅವನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ತನ್ನ ಮಡಕೆಗಳನ್ನು ತಾನೇ ಎಲ್ಲರಿಗಿಂತ ಮೊದಲು ತಂದು, ತಾನೇ ಅಂಚಿಗೆ ಇಡುತ್ತಿದ್ದ. ಅದಕ್ಕೂ ಹೊಗಳಿದರು.

ಹೇಳಿಬಿಡಬೇಕೆಂದು ಕೆಂಚಜ್ಜನ ಮನೆಗೆ ಮೂರು ಸಲ ಹೋದ. ಮೊದಲ ಸಲ ಮುದುಕ, ಹೊನ್ನವ್ವ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆಯೇ ಎಂದು ಕೇಳಿದ. ಸುಖವಾಗಿದ್ದಾಳೆ ಎಂದು ಹೇಳಿ ಬಂದ. ಎರಡನೆಯ ಸಲ ಜಗಲಿಯಲ್ಲಿ ನಾಲ್ಕು ಜನ ಕೂತಿದ್ದರು, ಹಾಗೇ ಹಿಂದಿರುಗಿದ. ಮೂರನೆಯ ಸಲ ಹೋಗುವಷ್ಟರಲ್ಲಿ ಮಾಗಿ ಚಳಿ ಇಳಿದಿತ್ತು, ಮುದುಕ ಹಾಸಿಗೆ ಹಿಡಿದಿದ್ದ, ಕಿವಿಯೂ ಮಂದವಾಗಿತ್ತು. ತಿಪ್ಪಣ್ಣ ಹತ್ತಿರ ಕೂತು ಮೆಲ್ಲಗೆ, "ಅಜ್ಜ, ಆವತ್ತು ಆವಿಗೆ ತೆರೆದವನು ನಾನು" ಎಂದ.

"ಕೇಳಿಸಲಿಲ್ಲ. ಗಟ್ಟಿಯಾಗಿ ಹೇಳು" ಎಂದ ಕೆಂಚಜ್ಜ.

ಒಳಮನೆಯಲ್ಲಿ ಸೊಸೆಯಂದಿರು ಇದ್ದರು. ಗಟ್ಟಿಯಾಗಿ ಹೇಳಿದರೆ ಅವರಿಗೆ ಕೇಳಿಸುತ್ತದೆ.

"ಏನಿಲ್ಲ. ಗಂಜಿ ಕುಡಿದಿರಾ ಎಂದೆ."

"ಕುಡಿದೆ" ಎಂದು ಕೆಂಚಜ್ಜ ಅವನ ಬಲಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡ. ತೋರುಬೆರಳಿನ ತುದಿಯನ್ನು ಹೆಬ್ಬೆರಳಿನಿಂದ ಸವರಿ, "ಸುಟ್ಟದ್ದು ಮಾಯಿತೇ ಅಳಿಯ?" ಎಂದು ಕೇಳಿದ.

ಎಷ್ಟೋ ತಿಂಗಳ ಮೇಲೆ ಅವನನ್ನು ಅಳಿಯ ಎಂದು ಕರೆದದ್ದು ಅದೊಂದೇ ಬಾಯಿ. ಆಗಲಾದರೂ ಅಡ್ಡಬಿದ್ದು ಅತ್ತಿದ್ದರೆ ಮುಗಿದುಹೋಗುತ್ತಿತ್ತು. ಅವನು ಕೈ ಎಳೆದುಕೊಂಡು, ಮಾಯಿತು ಎಂದು ಹೇಳಿ ಎದ್ದು ಬಂದ. ನಾಲ್ಕನೆಯ ದಿನಕ್ಕೆ ಕೆಂಚಜ್ಜ ತೀರಿಕೊಂಡ. ಮಣ್ಣಿಗೆ ಒಯ್ಯುವಾಗ ಮುಂದೆ ಹಿಡಿಯುವ ಗಡಿಗೆಯನ್ನು ಕೋಲಿನವನೇ ಕೊಡಬೇಕು. ತಿಪ್ಪಣ್ಣ ಕೊಟ್ಟ. ಮನೆಗೆ ಬಂದು ಸ್ನಾನ ಮಾಡಿ ಊಟಕ್ಕೆ ಕೂತ. ಸಂಕವ್ವ ತಟ್ಟೆ ಇಟ್ಟು, ಕೈ ತೊಳೆದುಕೊಳ್ಳಿ ಎಂದಳು.

ಗುರುಗಳು ಕತೆ ನಿಲ್ಲಿಸಿದರು. ತಟ್ಟೆಯ ತುಂಬ ಬತ್ತಿಗಳಾಗಿದ್ದವು.

ರೇವಯ್ಯ ಕೇಳಿದ, "ಕೆಂಚಜ್ಜನಿಗೆ ಎಲ್ಲ ಗೊತ್ತಿತ್ತು. ಆದರೂ ಯಾಕೆ ಬಾಯಿ ಬಿಡಲಿಲ್ಲ?"

"ಕಾಯುವುದು ಅವನ ಕಸುಬಲ್ಲವೇ" ಎಂದರು ಗುರುಗಳು. "ತಾನಾಗಿ ಹೇಳಲಿ ಎಂದು ಕಾದ."

ರೇವಯ್ಯ ಶಾಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡ. ಪೂಜೆಯ ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿ ಕಣ್ಣು ತೆಗೆದ. "ಅರ್ಥವಾಯಿತು ಗುರುಗಳೇ" ಎಂದ. "ಎಷ್ಟೇ ಅನುಮಾನ ಬಂದರೂ ಮುಚ್ಚಿಟ್ಟದ್ದನ್ನು ತೆರೆದು ನೋಡಬಾರದು. ನೋಡಬೇಕೆಂದು ನನಗೂ ಒಮ್ಮೊಮ್ಮೆ ಅನಿಸಿದ್ದುಂಟು. ಇನ್ನು ಅನಿಸುವುದಿಲ್ಲ."

ಗುರುಗಳು ಕೊನೆಯ ಬತ್ತಿಯನ್ನು ಹೊಸೆದು ತಟ್ಟೆಗೆ ಹಾಕಿ, ತಲೆ ಎತ್ತದೆ ಕೇಳಿದರು:

"ಒಳಗೆ ನಿನ್ನ ಹೆಸರೇ ಇತ್ತಲ್ಲವೇ, ರೇವಯ್ಯ?"